ಆಸ್ತಿ ಜಗಳದ ಕೊಲೆ ಧಾರಾವಾಹಿ ಬರೆಯುವವರಿಗೆ: ಮೊದಲು ಕಾಗದಪತ್ರ, ಆಮೇಲೆ ಕೊಲೆ

ಶ್ರೀಮಂತ ಕುಟುಂಬವೊಂದರ ಯಜಮಾನರು ಸತ್ತಿದ್ದಾರೆ, ಸಾವು ಸಹಜವಲ್ಲ, ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಆ ಸಾವಿನಿಂದ ಲಾಭವಿದೆ. ಕಿರುತೆರೆಯ ಪತ್ತೇದಾರಿ ಕಥೆಗೆ ಇದಕ್ಕಿಂತ ಭದ್ರವಾದ ತಳಪಾಯ ಸಿಗುವುದು ಕಷ್ಟ. ಆದರೂ ಇಂಥ ಕಥೆಗಳಲ್ಲಿ ಬಹಳಷ್ಟು ಹತ್ತು ಕಂತು ದಾಟುವಷ್ಟರಲ್ಲಿ ಸೊರಗುತ್ತವೆ. ‘ಆಸ್ತಿ’ ಎಂಬ ಮಾತು ಸಂಭಾಷಣೆಯಲ್ಲಿ ನೂರು ಸಲ ಬಂದರೂ ಆ ಆಸ್ತಿ ಯಾವುದು, ಯಾರ ಹೆಸರಿನಲ್ಲಿದೆ, ಯಜಮಾನರು ಇಂದು ಸತ್ತರೆ ಯಾರಿಗೆ ಎಷ್ಟು ಬರುತ್ತದೆ, ಒಂದು ತಿಂಗಳು ತಡವಾಗಿ ಸತ್ತರೆ ಎಷ್ಟು ಎಂಬುದು ಬರೆದವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಕೊಲೆಗಾರನನ್ನು ಮೊದಲೇ ಆರಿಸಿಕೊಳ್ಳಬೇಡಿ ಎಂಬುದೇ ನಾನು ಕೊಡುವ ಮೊದಲ ಸಲಹೆ. ಮೊದಲು ಆ ಕುಟುಂಬದ ಆಸ್ತಿಯ ಕಡತವನ್ನು ನೀವೇ ತಯಾರಿಸಿ. ಆ ಕಡತವನ್ನು ತಪ್ಪಾಗಿ ಓದಿಕೊಂಡವನು ಯಾರೋ ಅವನೇ ನಿಮ್ಮ ಕೊಲೆಗಾರ. ಕಾನೂನು ಸರಿಯಾಗಿ ತಿಳಿದವನು ಆಸ್ತಿಗಾಗಿ ಕೊಲ್ಲುವುದು ವಿರಳ, ಏಕೆಂದರೆ ಕೊಂದವನಿಗೆ ಕೊಲೆಯಾದವರ ಆಸ್ತಿ ಬರುವುದಿಲ್ಲವೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 25ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ.

ಕಡತ ತಯಾರಿಸುವ ಬಗೆ

ಬೆಂಗಳೂರಿನ ಒಂದು ಕುಟುಂಬವನ್ನೇ ತೆಗೆದುಕೊಳ್ಳೋಣ. ಚಿಕ್ಕಪೇಟೆಯಲ್ಲಿ ಮೂರು ತಲೆಮಾರಿನ ರೇಷ್ಮೆ ಸೀರೆಯ ವ್ಯಾಪಾರ, ಬಸವನಗುಡಿಯಲ್ಲಿ ಯಜಮಾನರು ತಮ್ಮ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ, ದೇವನಹಳ್ಳಿಯ ಕಡೆ ಅಜ್ಜನ ಕಾಲದಿಂದ ಬಂದ ಜಮೀನು. ಆ ಜಮೀನಿನಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದುದರಿಂದ ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಅಲ್ಲಿಗೆ ಬಂದ ಮೇಲೆ ಅದೇ ಜಮೀನು ಮನೆ ಮತ್ತು ಅಂಗಡಿ ಎರಡನ್ನೂ ಮೀರಿಸಿತು. ಪತ್ನಿ ತೀರಿಕೊಂಡಿದ್ದಾರೆ. ಮಕ್ಕಳಲ್ಲಿ ಅಂಗಡಿ ನೋಡಿಕೊಳ್ಳುವ ಹಿರಿಯ ಮಗ, ಅಮೆರಿಕದಲ್ಲಿರುವ ಕಿರಿಯ ಮಗ, 1991ರಲ್ಲಿ ಮದುವೆಯಾಗಿ ಜಯನಗರಕ್ಕೆ ಹೋದ ಮಗಳು. ಇಷ್ಟು ಸಾಕು, ಇನ್ನೂ ಹತ್ತು ಪಾತ್ರಗಳನ್ನು ತುಂಬುವ ಅಗತ್ಯವಿಲ್ಲ.

ಇಲ್ಲಿ ಸ್ವಯಾರ್ಜಿತ ಆಸ್ತಿಗೂ ಪಿತ್ರಾರ್ಜಿತ ಆಸ್ತಿಗೂ ಇರುವ ವ್ಯತ್ಯಾಸವೇ ಕಥೆಯ ಬೆನ್ನೆಲುಬು. ಬಸವನಗುಡಿಯ ಮನೆಯನ್ನು ಯಜಮಾನರು ಯಾರಿಗೆ ಬೇಕಾದರೂ, ಮನೆಗೆಲಸದವರಿಗೂ, ಬರೆದುಕೊಡಬಹುದು. ದೇವನಹಳ್ಳಿಯ ಜಮೀನಿನಲ್ಲಾದರೋ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ, ಯಜಮಾನರು ಉಯಿಲು ಬರೆಯಬಹುದಾದದ್ದು ತಮ್ಮ ಪಾಲಿಗೆ ಮಾತ್ರ. ಮಗಳ ವಿಷಯದಲ್ಲಿ ಕಾನೂನು ಮೂರು ಹಂತಗಳಲ್ಲಿ ಬದಲಾಗಿರುವುದು ಕಥೆಗಾರರಿಗೆ ಸಿಕ್ಕ ವರ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದಾಗ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಉಳಿಸಲಿಲ್ಲ. ಆ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲವನ್ನು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಬಗೆಹರಿಸಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು.

ಈಗ ಹಿರಿಯ ಮಗನ ತಲೆಯೊಳಗೆ ಇಳಿಯಿರಿ. ತೊಂಬತ್ತರ ದಶಕದಲ್ಲಿ ಯಾರೋ ಹೇಳಿದ್ದನ್ನೇ ಅವನು ಇಂದಿಗೂ ನಂಬಿದ್ದಾನೆ: ‘ಅಕ್ಕನ ಮದುವೆ 91ರಲ್ಲೇ ಆಗಿದೆ, ಜಮೀನಿನಲ್ಲಿ ಅವಳಿಗೆ ಏನೂ ಇಲ್ಲ.’ ಅವನ ಲೆಕ್ಕದಲ್ಲಿ ಜಮೀನು ಅಪ್ಪ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಮೂರು ಪಾಲು. ಅಪ್ಪ ಉಯಿಲು ಬರೆಯದೆ ಸತ್ತರೆ ಅಪ್ಪನ ಪಾಲು ಮಾತ್ರ ಮೂವರು ಮಕ್ಕಳಿಗೆ ಹಂಚಿಕೆಯಾಗಿ ತನಗೆ ಒಟ್ಟು ಒಂಬತ್ತರಲ್ಲಿ ನಾಲ್ಕು ಪಾಲು ದಕ್ಕುತ್ತದೆ. ನಿಜವಾದ ಲೆಕ್ಕದಲ್ಲಿ ಅಪ್ಪ, ಇಬ್ಬರು ಮಗಂದಿರು, ಮಗಳು ಸೇರಿ ನಾಲ್ಕು ಪಾಲು. ಅಪ್ಪನ ಕಾಲು ಭಾಗವೂ ಹಂಚಿಕೆಯಾದ ಮೇಲೆ ಪ್ರತಿಯೊಬ್ಬರಿಗೂ ಮೂರರಲ್ಲಿ ಒಂದು. ಈ ಎರಡು ಲೆಕ್ಕಗಳ ನಡುವಿನ ಒಂಬತ್ತನೇ ಒಂದು ಭಾಗಕ್ಕಾಗಿ ಅವನು ಈಗಾಗಲೇ ಬಿಲ್ಡರ್ ಒಬ್ಬರಿಂದ ಮುಂಗಡ ತೆಗೆದುಕೊಂಡಿದ್ದರೆ, ಕೊಲೆಗೆ ಕಾರಣವನ್ನು ಸಂಭಾಷಣೆಯಲ್ಲಿ ವಿವರಿಸುವ ಅಗತ್ಯವೇ ಇರುವುದಿಲ್ಲ. ಹಾಗೆಂದು ಇಷ್ಟಕ್ಕೇ ಅವನನ್ನು ಕೊಲೆಗಾರನನ್ನಾಗಿ ಮಾಡಬೇಡಿ. ವೀಕ್ಷಕರ ಅನುಮಾನ ಮೊದಲು ಬೀಳುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೂತವನ ಮೇಲೆಯೇ.

ಯಜಮಾನರಿಗೆ ಇನ್ನೊಂದು ಸಂಸಾರವಿತ್ತು ಎಂಬ ತಿರುವು ನಮ್ಮ ಧಾರಾವಾಹಿಗಳಲ್ಲಿ ಸವೆದು ಹೋಗಿದೆ ಎಂಬುದು ನಿಜ. ಆದರೆ ಅದನ್ನು ಬಳಸುವುದಾದರೆ ಕಣ್ಣೀರಿಗಾಗಿ ಬಳಸದೆ ಲೆಕ್ಕಕ್ಕಾಗಿ ಬಳಸಿ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು ಕೊಟ್ಟ ತೀರ್ಪಿನ ಪ್ರಕಾರ, ಅಸಿಂಧು ಮದುವೆಯಿಂದ ಹುಟ್ಟಿದ ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನಲ್ಲಿ ಹಕ್ಕುಂಟು, ಆದರೆ ಅವರು ಆ ಅವಿಭಕ್ತ ಕುಟುಂಬದ ನೇರ ಪಾಲುದಾರರಾಗುವುದಿಲ್ಲ. ಅಂದರೆ ಆ ಸಂಸಾರದ ಮಗ ಬಂದು ನಿಂತ ಕೂಡಲೇ ಇಡೀ ಜಮೀನು ಅಲುಗಾಡುವುದಿಲ್ಲ. ಅಪ್ಪನ ಕಾಲು ಪಾಲು ಮಾತ್ರ ಮೂರರ ಬದಲು ನಾಲ್ಕಾಗಿ ಒಡೆಯುತ್ತದೆ. ಇದು ಗೊತ್ತಿಲ್ಲದ ಮನೆಯವರು ಬೆಚ್ಚಿಬೀಳಲಿ, ಗೊತ್ತಿರುವ ಒಬ್ಬರು ಮಾತ್ರ ತಣ್ಣಗಿರಲಿ. ಆ ತಣ್ಣಗಿರುವಿಕೆಯೇ ಒಂದು ಸುಳಿವಾಗುತ್ತದೆ.

ಉಯಿಲು

ವಕೀಲರು ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಲಕೋಟೆ ಹರಿದು ಉಯಿಲು ಓದುವ ದೃಶ್ಯವನ್ನು ದಯವಿಟ್ಟು ಬಿಟ್ಟುಬಿಡಿ. ನಮ್ಮ ಕಾನೂನಿನಲ್ಲಿ ಅಂಥ ವಿಧಿಯೇನೂ ಇಲ್ಲ, ನಮ್ಮ ಮನೆಗಳಲ್ಲಿ ಅದು ನಡೆಯುವುದೂ ಇಲ್ಲ. ನಮ್ಮಲ್ಲಿ ಈ ಮಾತು ಹೊರಬರುವುದು ಹನ್ನೊಂದನೆಯ ದಿನದ ತಿಥಿ, ಶಿವಗಣಾರಾಧನೆ ಅಥವಾ ವೈಕುಂಠ ಸಮಾರಾಧನೆಯ ಊಟವಾದ ಮೇಲೆ. ನೆಂಟರು ಎಲೆಯಡಿಕೆ ಹಾಕಿಕೊಳ್ಳುತ್ತಿರುವಾಗ ಸೋದರಮಾವನೊಬ್ಬ, ‘ಎಲ್ಲರೂ ಸೇರಿದ್ದೀರಿ, ಇರೋ ವಿಷಯ ಮಾತಾಡಿಬಿಡಿ’ ಎಂದು ಪೀಠಿಕೆ ಹಾಕುತ್ತಾನೆ. ಆ ಒಂದು ಮಧ್ಯಾಹ್ನಕ್ಕೆ ಎರಡು ಕಂತು ಕೊಟ್ಟರೂ ಹೆಚ್ಚಲ್ಲ, ಏಕೆಂದರೆ ಸಂಶಯಿತರೆಲ್ಲರೂ ಸಹಜವಾಗಿ ಒಂದೇ ಸೂರಿನಡಿ ಸೇರುವ ಸಂದರ್ಭ ಕಥೆಯಲ್ಲಿ ಇದೊಂದೇ.

ಉಯಿಲಿನ ಕಾನೂನಿನಲ್ಲಿ ಪತ್ತೇದಾರಿ ಕಥೆಗೆ ಬೇಕಾದ ಸಾಮಗ್ರಿ ಧಾರಾಳವಾಗಿದೆ. ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಮಾತ್ರ ಕಡ್ಡಾಯವಲ್ಲ. 2015ರಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು, ಫೋಟೊ ಸಮೇತ ನೋಂದಾಯಿಸಿದ ಉಯಿಲನ್ನು, ಸಾಯುವ ಹಿಂದಿನ ವಾರ ಬಿಳಿ ಹಾಳೆಯ ಮೇಲೆ ಬರೆದು ಇಬ್ಬರ ಸಾಕ್ಷಿ ಹಾಕಿಸಿದ ಉಯಿಲು ತಳ್ಳಿಹಾಕಬಲ್ಲದು. ಕೊನೆಯದು ಯಾವುದೋ ಅದೇ ಊರ್ಜಿತ. ಉಯಿಲನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡುವ ಅವಕಾಶವೂ ಇದೆ, ಅದನ್ನು ತೆರೆಯುವುದು ಬರೆದವರು ತೀರಿಕೊಂಡ ಮೇಲೆ ಅರ್ಜಿ ಬಂದಾಗ. ಋಣಭಾರ ಪ್ರಮಾಣಪತ್ರದಲ್ಲಿ, ಎಲ್ಲರೂ ಇಸಿ ಎಂದು ಕರೆಯುವ ಆ ಕಾಗದದಲ್ಲಿ, ಕ್ರಯ, ದಾನ, ಅಡಮಾನ ಕಾಣಿಸುತ್ತವೆಯೇ ಹೊರತು ಉಯಿಲು ಕಾಣಿಸುವುದಿಲ್ಲ, ಏಕೆಂದರೆ ಉಯಿಲುಗಳನ್ನು ದಾಖಲಿಸುವ ಪುಸ್ತಕವೇ ಬೇರೆ. ಬರೆದವರು ಬದುಕಿರುವವರೆಗೆ ಅದರ ನಕಲು ಅವರಿಗಲ್ಲದೆ ಮಕ್ಕಳಿಗೂ ಸಿಗುವುದಿಲ್ಲ. ಇಸಿ ತೆಗೆಸಿ ನೋಡಿ, ಅದರಲ್ಲಿ ಏನೂ ಇಲ್ಲದ್ದರಿಂದ ಅಪ್ಪ ಉಯಿಲು ಬರೆದಿಲ್ಲವೆಂದು ತೀರ್ಮಾನಿಸಿದ ಪಾತ್ರವೊಂದು ನಿಮ್ಮ ಕಥೆಯಲ್ಲಿ ಇರಲೇಬೇಕು. ಅವನು ತೆಗೆಸಿದ ಇಸಿಯ ಮೇಲಿನ ದಿನಾಂಕ ಸಾವಿಗೆ ಮೂರು ದಿನ ಹಿಂದಿನದಾಗಿದ್ದರೆ, ತನಿಖಾಧಿಕಾರಿಗೆ ಅದಕ್ಕಿಂತ ದೊಡ್ಡ ಸುಳಿವು ಬೇಕಿಲ್ಲ.

ಉಯಿಲಿನಿಂದ ಲಾಭ ಪಡೆಯುವವರು ಅದಕ್ಕೆ ಸಾಕ್ಷಿ ಹಾಕಿದ್ದರೆ ಅದು ರದ್ದಾಗುತ್ತದೆ ಎಂದು ಅನೇಕರು ಬರೆಯುತ್ತಾರೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 67ನೇ ಸೆಕ್ಷನ್ ಸಾಕ್ಷಿಗೆ ಕೊಟ್ಟ ಪಾಲನ್ನು ಅಸಿಂಧು ಎನ್ನುತ್ತದೆಯಾದರೂ, ಉಳಿದ ಉಯಿಲಿಗೆ ಅದರಿಂದ ಧಕ್ಕೆಯಿಲ್ಲ. ಮಿಗಿಲಾಗಿ ಆ ಸೆಕ್ಷನ್ ಹಿಂದೂಗಳ ಉಯಿಲಿಗೆ ಅನ್ವಯಿಸುವುದೇ ಇಲ್ಲ. ಹಿಂದೂ ಕುಟುಂಬದ ಕಥೆಯಲ್ಲಿ ಅಂಥ ಸಾಕ್ಷಿ ಒಂದು ಅನುಮಾನಾಸ್ಪದ ಸಂದರ್ಭವಾಗುತ್ತದೆ, ಅಷ್ಟೆ. ಈ ಅನುಮಾನಾಸ್ಪದ ಸಂದರ್ಭಗಳ ವಿಚಾರದಲ್ಲಿ ಇಡೀ ದೇಶದ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುವ ತೀರ್ಪು ಹಳೆಯ ಮೈಸೂರಿನ ಮೊಕದ್ದಮೆಯೊಂದರದು: ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಅವರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಕೊಟ್ಟದ್ದು. ನಡುಗುವ ಸಹಿ, ಸಹಜ ವಾರಸುದಾರರನ್ನು ಕಾರಣವಿಲ್ಲದೆ ಕೈಬಿಟ್ಟಿರುವುದು, ಲಾಭ ಪಡೆಯುವವನೇ ಮುಂದೆ ನಿಂತು ಉಯಿಲು ಬರೆಸಿರುವುದು ಮುಂತಾದವನ್ನು, ಉಯಿಲನ್ನು ಮುಂದಿಟ್ಟವರೇ ಸಮಾಧಾನಕರವಾಗಿ ವಿವರಿಸಬೇಕು ಎಂಬುದು ಅದರ ಸಾರ. ಸಂಭಾಷಣೆಗೆ ಇಷ್ಟು ಒದಗಿಬರುವ ತೀರ್ಪು ಇನ್ನೊಂದಿಲ್ಲ.

ಎರಡನೆಯ ಕೊಲೆ ಬೇಕೇ ಬೇಕು ಎಂದು ವಾಹಿನಿಯವರು ಹಟ ಹಿಡಿದರೆ, ಆ ಕೊಲೆ ಉಯಿಲಿನ ಸಾಕ್ಷಿಯದ್ದಾಗಲಿ. ನ್ಯಾಯಾಲಯದಲ್ಲಿ ಉಯಿಲನ್ನು ರುಜುವಾತು ಮಾಡಲು ಕನಿಷ್ಠ ಒಬ್ಬ ಸಾಕ್ಷಿಯನ್ನಾದರೂ ವಿಚಾರಣೆ ಮಾಡಿಸಬೇಕೆಂಬುದು ನಿಯಮ. ಇಬ್ಬರೂ ಬದುಕಿಲ್ಲದಿದ್ದರೆ ಉಯಿಲು ಸತ್ತಂತೆಯೇ ಎಂದು ಕೊಲೆಗಾರ ನಂಬಿರುತ್ತಾನೆ. ಆದರೆ ಅಂಥ ಸಂದರ್ಭದಲ್ಲಿ ಸಾಕ್ಷಿಯ ಕೈಬರಹವನ್ನೂ ಬರೆದವರ ಸಹಿಯನ್ನೂ ಬೇರೆ ರೀತಿಯಲ್ಲಿ ರುಜುವಾತು ಮಾಡಲು ಕಾನೂನು ದಾರಿ ಬಿಟ್ಟಿದೆ. ಇಲ್ಲಿಯೂ ಅವನನ್ನು ಹಿಡಿದುಕೊಡುವುದು ಅವನು ಅರ್ಧ ಓದಿದ ಕಾನೂನೇ.

ದಿನಾಂಕ ತಪ್ಪಿದ ಸುಳ್ಳು ದಾಖಲೆ

2004ರ ಡಿಸೆಂಬರ್ 20ಕ್ಕೆ ಮೊದಲು ಆದ ಕ್ರಮಬದ್ಧ ವಿಭಾಗವನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ಆದ್ದರಿಂದ ಹೆಣ್ಣುಮಕ್ಕಳನ್ನು ದೂರವಿಡಲು ಬಯಸುವವರು ಅದಕ್ಕಿಂತ ಹಿಂದಿನ ದಿನಾಂಕದ ಪಾಲುಪಟ್ಟಿಯೊಂದನ್ನು ಹುಟ್ಟುಹಾಕುವುದು ಸಹಜ. ನಿಮ್ಮ ಕಥೆಯಲ್ಲೂ 2002ರ ತಾರೀಕಿನ, ನೋಂದಣಿಯಾಗದ ಒಂದು ಪಾಲುಪಟ್ಟಿ ಹಳೆಯ ಟ್ರಂಕಿನಿಂದ ಹೊರಬರಲಿ. ಅದು ಸುಳ್ಳೆಂದು ತಿಳಿಯುವುದು ಪ್ರಯೋಗಾಲಯದ ವರದಿಯಿಂದಲ್ಲದೆ ಬೆಂಗಳೂರಿನ ಇತಿಹಾಸದಿಂದ ಆದರೆ ಸೊಗಸು. 2002ರ ಪತ್ರದಲ್ಲಿ ‘ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ’ ಎಂದಿದ್ದರೆ ಅದು ಸುಳ್ಳು, ಆ ಸಂಸ್ಥೆ ರಚನೆಯಾದದ್ದು 2007ರಲ್ಲಿ. ರಾಮನಗರವನ್ನು ಜಿಲ್ಲೆ ಎಂದು ಬರೆದಿದ್ದರೂ ಸುಳ್ಳೇ, ಅದೂ ಜಿಲ್ಲೆಯಾದದ್ದು 2007ರಲ್ಲಿಯೇ. ಮೊತ್ತದ ಮುಂದೆ ₹ ಚಿಹ್ನೆ ಇದ್ದರಂತೂ ಕೇಳುವುದೇ ಬೇಡ, ಸರ್ಕಾರ ಅದನ್ನು ಅಂಗೀಕರಿಸಿದ್ದು 2010ರ ಜುಲೈ 15ರಂದು. ಇಂಥ ಸುಳಿವನ್ನು ಪರದೆಯ ಮೇಲೆ ಮೂರನೆಯ ಕಂತಿನಲ್ಲಿಯೇ ತೋರಿಸಿಬಿಡಿ. ಕಾಗದ ಹತ್ತಿರದಿಂದ ಕಾಣಿಸಲಿ, ಯಾರೂ ಅದರ ಬಗ್ಗೆ ಮಾತಾಡದಿರಲಿ. ಮೂವತ್ತನೆಯ ಕಂತಿನಲ್ಲಿ ಸತ್ಯ ಹೊರಬಿದ್ದಾಗ ವೀಕ್ಷಕರು ಹಿಂದಕ್ಕೆ ಹೋಗಿ ಮತ್ತೆ ನೋಡುತ್ತಾರೆ.

ಇದೇ ಸಾಲಿಗೆ ಸೇರುವ ಇನ್ನೊಂದು ಕಾಗದ ವಂಶವೃಕ್ಷ. ಪೌತಿ ಖಾತೆಗಾಗಿ, ಅಂದರೆ ಸತ್ತವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಕೊಡುವ ವಂಶವೃಕ್ಷದಲ್ಲಿ ಮಗಳ ಹೆಸರನ್ನೇ ಬಿಟ್ಟು ಪ್ರಮಾಣಪತ್ರ ಮಾಡಿಸುವುದು ನಮ್ಮ ಹಳ್ಳಿಗಳಲ್ಲೂ ನಗರದಲ್ಲೂ ಅಪರೂಪದ ಸಂಗತಿಯಲ್ಲ. ಕೊಲೆಗೂ ಇದಕ್ಕೂ ನೇರ ಸಂಬಂಧವಿರಬೇಕಾಗಿಲ್ಲ. ಕೊಲೆ ಮಾಡದವನೂ ಸುಳ್ಳು ಹೇಳಲು ಒಂದು ಕಾರಣ ಬೇಕಲ್ಲ, ಅದಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಸಾವು ಮತ್ತು ತನಿಖೆ

ಆಸ್ತಿಗಾಗಿ ನಡೆಯುವ ಕೊಲೆ ಸಹಜ ಸಾವಿನಂತೆ ಕಾಣಬೇಕು, ಇಲ್ಲದಿದ್ದರೆ 25ನೇ ಸೆಕ್ಷನ್ ಕೊಲೆಗಾರನ ಶ್ರಮವನ್ನೆಲ್ಲ ವ್ಯರ್ಥ ಮಾಡುತ್ತದೆ. ಹೀಗಾಗಿ ರಕ್ತ, ಚಾಕು, ಬಂದೂಕು ಈ ಬಗೆಯ ಕಥೆಗೆ ಒಗ್ಗುವುದಿಲ್ಲ. ವಯಸ್ಸಾದ ಸಕ್ಕರೆ ಕಾಯಿಲೆಯ ಯಜಮಾನರು ಬೆಳಿಗ್ಗೆ ಏಳಲಿಲ್ಲ, ಪರಿಚಯದ ವೈದ್ಯರು ಬಂದು ಹೃದಯಾಘಾತ ಎಂದರು, ಎಲ್ಲರೂ ಒಪ್ಪಿದರು. ಮುಂದೆ ನಡೆಯುವುದು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನಡೆಯುವಂಥದ್ದೇ: ಕಿರಿಯ ಮಗ ಅಮೆರಿಕದಿಂದ ಬರುವವರೆಗೆ ದೇಹವನ್ನು ಬಾಡಿಗೆಯ ಶೈತ್ಯಪೆಟ್ಟಿಗೆಯಲ್ಲಿ ಇಡುತ್ತಾರೆ. ಸತ್ತ ವೇಳೆಯನ್ನು ಅಂದಾಜಿಸಲು ವೈದ್ಯರು ನೋಡುವ ದೇಹದ ಉಷ್ಣಾಂಶ, ಸ್ನಾಯುಗಳ ಬಿಗಿತ ಮುಂತಾದ ಲಕ್ಷಣಗಳನ್ನು ಆ ತಂಪು ಏರುಪೇರು ಮಾಡುತ್ತದೆ. ‘ರಾತ್ರಿ 11.40ಕ್ಕೆ ಸಾವು ಸಂಭವಿಸಿದೆ’ ಎಂದು ಖಚಿತವಾಗಿ ಹೇಳುವ ವೈದ್ಯರು ಧಾರಾವಾಹಿಯಲ್ಲಿ ಮಾತ್ರ ಇರುತ್ತಾರೆ. ನಿಜವಾದ ವರದಿ ಕೊಡುವುದು ಕೆಲವು ಗಂಟೆಗಳ ಅಂತರವನ್ನು. ಆ ಅಂತರವೇ ನಿಮ್ಮ ಬಂಡವಾಳ, ಏಕೆಂದರೆ ಆ ಗಂಟೆಗಳಲ್ಲಿ ಮನೆಯ ಪ್ರತಿಯೊಬ್ಬರೂ ಎಲ್ಲೋ ಒಂದು ಕಡೆ ಸುಳ್ಳು ಹೇಳಬಹುದು.

ಅನುಮಾನವನ್ನು ದಹನಕ್ಕೆ ಮೊದಲು ಹುಟ್ಟಿಸುತ್ತೀರೋ ನಂತರವೋ ಎಂಬುದು ಇಡೀ ಕಥೆಯ ಸ್ವರೂಪವನ್ನೇ ನಿರ್ಧರಿಸುತ್ತದೆ. ಮೊದಲೇ ಆದರೆ ಪೊಲೀಸರು ಅಸಹಜ ಸಾವಿನ ಪ್ರಕರಣ, ಅಂದರೆ ಠಾಣೆಯವರು ಯುಡಿಆರ್ ಎನ್ನುವುದನ್ನು ದಾಖಲಿಸುತ್ತಾರೆ, ಪಂಚರ ಸಮಕ್ಷಮ ಶವದ ಮಹಜರು ನಡೆಯುತ್ತದೆ, ದೇಹ ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಯ ಶವಾಗಾರಕ್ಕೆ ಹೋಗುತ್ತದೆ, ಒಳಾಂಗಗಳ ಮಾದರಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಸೇರುತ್ತದೆ. ಆ ವರದಿ ಮರುದಿನವೇ ಬರುವಂತೆ ಬರೆಯಬೇಡಿ. ಅದು ಬಾರದೆ ತಡವಾಗುವ ವಾರಗಳಲ್ಲಿಯೇ ಮನೆಯೊಳಗಿನ ನಾಟಕ ಬಲಿಯುವುದು. ದಹನವಾದ ನಂತರ ಅನುಮಾನ ಹುಟ್ಟಿದರೆ ದೇಹವೇ ಇಲ್ಲ, ಅಸ್ಥಿ ಆಗಲೇ ಶ್ರೀರಂಗಪಟ್ಟಣದ ನದಿಯಲ್ಲಿ ಸೇರಿಹೋಗಿದೆ. ಆಗ ತನಿಖೆ ನಡೆಯಬೇಕಾದದ್ದು ಔಷಧಿ ಅಂಗಡಿಯ ಬಿಲ್ಲು, ಗ್ಲುಕೋಮೀಟರಿನೊಳಗೆ ಉಳಿದ ಹಳೆಯ ಅಂಕಿಗಳು, ಮೊಬೈಲ್ ಟವರಿನ ದಾಖಲೆ, ಟೋಲಿನ ಫಾಸ್ಟ್ಯಾಗ್, ಪಕ್ಕದ ಮನೆಯ ಸಿಸಿಟಿವಿಗಳ ಮೂಲಕ. ಸಿಸಿಟಿವಿಯ ಹಳೆಯ ದೃಶ್ಯಗಳ ಮೇಲೆ ಕೆಲವೇ ವಾರಗಳಲ್ಲಿ ಹೊಸವು ಬಂದು ಕೂರುವುದರಿಂದ ತನಿಖಾಧಿಕಾರಿಗೆ ಗಡುವೊಂದು ತಾನಾಗಿ ಸಿಗುತ್ತದೆ. ನನಗೆ ಕೇಳಿದರೆ ಈ ಎರಡನೆಯ ದಾರಿಯೇ ಕಿರುತೆರೆಗೆ ಹೆಚ್ಚು ಸೂಕ್ತ, ಖರ್ಚೂ ಕಡಿಮೆ.

ಅಪ್ಪ ಮತ್ತು ಮಗ ಒಂದೇ ಕಾರಿನಲ್ಲಿ ಸಾಯುವ ಕಥೆ ನಿಮ್ಮ ಮನಸ್ಸಿನಲ್ಲಿದ್ದರೆ ಹಿಂದೂ ಉತ್ತರಾಧಿಕಾರ ಕಾಯಿದೆಯ 21ನೇ ಸೆಕ್ಷನ್ ಓದಿಕೊಳ್ಳಿ. ಯಾರು ಮೊದಲು ಸತ್ತರೆಂದು ತಿಳಿಯದಿದ್ದಾಗ, ಬೇರೆ ಪುರಾವೆ ಸಿಗುವವರೆಗೆ, ಕಿರಿಯವರು ಹಿರಿಯವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬದುಕಿದ್ದರೆಂದೇ ಕಾನೂನು ಭಾವಿಸುತ್ತದೆ. ಅಂದರೆ ಉಯಿಲು ಬರೆಯದ ಅಪ್ಪನ ಆಸ್ತಿಯಲ್ಲಿ ಮಗನ ಪಾಲು ಕ್ಷಣಕಾಲ ಮಗನದಾಗಿ, ಅಲ್ಲಿಂದ ಅವನು ಉಯಿಲು ಬರೆದಿಟ್ಟವರಿಗೆ, ಅವರು ಮನೆಯ ಹೊರಗಿನವರೇ ಆಗಿದ್ದರೂ, ಹೋಗುತ್ತದೆ. ಆಂಬುಲೆನ್ಸಿನ ಸಿಬ್ಬಂದಿಯೊಬ್ಬ ‘ಹಿರಿಯರು ಇನ್ನೂ ಉಸಿರಾಡುತ್ತಿದ್ದರು’ ಎಂದರೆ ಕೋಟಿಗಳ ದಿಕ್ಕು ಬದಲಾಗುತ್ತದೆ.

ಪೊಲೀಸರ ವಿಷಯದಲ್ಲಿ ಕೆಲವು ಎಚ್ಚರಿಕೆಗಳು ಸಾಕು. ಕಥೆಯ ಕೊಲೆ 2024ರ ಜುಲೈ 1ರ ನಂತರ ನಡೆದಿದ್ದರೆ ಹಳೆಯ ದಂಡ ಸಂಹಿತೆಯ 302ನೇ ಸೆಕ್ಷನ್ ಎನ್ನಬೇಡಿ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 103. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಕೊಲೆಗಾರ ಠಾಣೆಯಲ್ಲಿ ಅಳುತ್ತಾ ಎಲ್ಲವನ್ನೂ ಹೇಳಿದ ಮೇಲೂ ಕಥೆ ಮುಗಿದಿರುವುದಿಲ್ಲ, ಅವನ ಮಾತಿನ ಜಾಡು ಹಿಡಿದು ಸಿಕ್ಕ ವಸ್ತುವಿಗೆ ಮಾತ್ರ ಬೆಲೆ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ ತೀರ್ಪಿನಲ್ಲಿ ಎದುರುಗಡೆ ಇದ್ದದ್ದು ನಮ್ಮ ಕರ್ನಾಟಕ ಸರ್ಕಾರವೇ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಖಾಸಗಿ ಪತ್ತೇದಾರನಿಗೆ ಯಾರನ್ನೂ ಬಂಧಿಸುವ, ಯಾರ ಮನೆಯನ್ನೂ ಶೋಧಿಸುವ ಅಧಿಕಾರವಿಲ್ಲದ ಕಾರಣ, ನಿಮ್ಮ ಪತ್ತೇದಾರರು ಸಿವಿಲ್ ವಕೀಲೆಯೋ ನಿವೃತ್ತ ಸಬ್ ರಿಜಿಸ್ಟ್ರಾರರೋ ಆದರೆ ಕಡತಗಳ ಬಳಿ ಹೋಗಲು ಅವರಿಗೊಂದು ಸಹಜವಾದ ನೆಪವಿರುತ್ತದೆ.

ಕಂತುಗಳ ಹಂಚಿಕೆ

ಟಿವಿಯಲ್ಲಿ ಒಂದು ಗಂಟೆಗೆ ಜಾಹೀರಾತಿನ ಮಿತಿ 12 ನಿಮಿಷವಾದ್ದರಿಂದ ಅರ್ಧ ಗಂಟೆಯ ಅವಧಿಯಲ್ಲಿ ನಿಮಗೆ ಉಳಿಯುವುದು ಸುಮಾರು 24 ನಿಮಿಷ, ಶೀರ್ಷಿಕೆ ಮತ್ತು ಹಿಂದಿನ ಕಂತಿನ ತುಣುಕು ಕಳೆದರೆ ಇನ್ನೂ ಕಡಿಮೆ. ಇದರಲ್ಲಿ ಒಂದು ಕಾಗದ, ಒಂದು ಸುಳ್ಳು, ಒಂದು ಮುಖಾಮುಖಿ ಇದ್ದರೆ ಸಾಕಾಗುತ್ತದೆ. ದಿನನಿತ್ಯದ ಧಾರಾವಾಹಿಯಾಗಿ ವರ್ಷಗಟ್ಟಲೆ ಎಳೆಯುವ ವಸ್ತು ಇದಲ್ಲ. ಐವತ್ತು ಅರವತ್ತು ಕಂತಿನಲ್ಲಿ ಮುಗಿಸುವ ಒಪ್ಪಂದ ಸಿಗದಿದ್ದರೆ ಬೇರೆ ಕಥೆ ಕೊಡುವುದೇ ಲೇಸು. ಪಾಲಿನ ಲೆಕ್ಕವನ್ನು ವಕೀಲರ ಭಾಷಣದಲ್ಲಿ ವಿವರಿಸಬೇಡಿ. ಅಡುಗೆಮನೆಯಲ್ಲಿ ಸೊಸೆ ಮಗನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಒಂಬತ್ತನ್ನು ಭಾಗಿಸುತ್ತಿರುವುದನ್ನು ಅತ್ತಿಗೆ ನೋಡಿದರೆ ವೀಕ್ಷಕರಿಗೆ ಲೆಕ್ಕವೂ ತಿಳಿಯುತ್ತದೆ, ಸೊಸೆಯೂ ತಿಳಿಯುತ್ತಾಳೆ. ಆಸ್ತಿಯ ಇಂದಿನ ಖಾತೆ ತೋರಿಸುವಾಗ ಕಲಾ ವಿಭಾಗದವರಿಗೆ ನೆನಪಿಸಿ: 2025ರ ಸೆಪ್ಟೆಂಬರ್‌ನಿಂದ ನಗರಕ್ಕೆ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ಸುಳ್ಳು ದಾಖಲೆಯ ಸುಳಿವಿನ ಮೇಲೆ ಕಥೆ ಕಟ್ಟಿದವರ ಸ್ವಂತ ದಾಖಲೆಯೇ ತಪ್ಪಿದ್ದರೆ ವೀಕ್ಷಕರು ಸುಮ್ಮನಿರುವುದಿಲ್ಲ.

ಕೊಲೆಗಾರ ಯಾರೆಂದು ಬಯಲಾದ ಮೇಲೂ ಒಂದು ಕಂತಿನಷ್ಟು ಸಾಮಗ್ರಿ ಉಳಿಯುತ್ತದೆ, ಅದನ್ನು ಕೈಬಿಡಬೇಡಿ. ಅನರ್ಹನಾದವನನ್ನು ಆಸ್ತಿಯ ಒಡೆಯರಿಗಿಂತ ಮೊದಲೇ ಸತ್ತವನಂತೆ ಕಾನೂನು ಕಾಣುತ್ತದೆ, ಅವನಿಗೆ ಬರಬೇಕಿದ್ದ ಪಾಲು ಅವನ ಕೈಗೆ ಬಾರದೆ ಹೋಗುತ್ತದೆ. ತಂದೆಯನ್ನು ಕೊಂದ ಮಗನ ಹೆಂಡತಿ ಅವನ ಮೂಲಕ ಬರುವ ಪಾಲನ್ನು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಹೀಗಾಗಿ ಅವನು ತಪ್ಪಿತಸ್ಥನೆಂದು ಸಾಬೀತಾಗಲಿ ಎಂದು ಬಯಸಲು ಉಳಿದವರಿಗೆ ನ್ಯಾಯದ ಜೊತೆಗೆ ಬೇರೆ ಕಾರಣವೂ ಇದೆ, ಅವನ ಹೆಂಡತಿಗೆ ಅವನನ್ನು ಬಿಡಿಸಿಕೊಳ್ಳಲು ಪ್ರೀತಿಯ ಜೊತೆಗೆ ಬೇರೆ ಕಾರಣವೂ ಇದೆ. ಆರಂಭದಿಂದಲೂ ಈ ಲೆಕ್ಕ ಯಾರ ಮನಸ್ಸಿನಲ್ಲಿತ್ತು ಎಂಬುದು ಆ ಕೊನೆಯ ಕಂತಿನ ವಸ್ತುವಾಗಲಿ. ಚಿತ್ರಕಥೆ ಮುಗಿದ ಕೂಡಲೇ ಕ್ರಿಮಿನಲ್ ವಕೀಲರಿಗಿಂತ ಮೊದಲು ಸಿವಿಲ್ ವಕೀಲರೊಬ್ಬರಿಗೆ ಓದಲು ಕೊಡಿ. ಅವರು ಪಾಲಿನ ಲೆಕ್ಕವನ್ನು ತಿದ್ದಿದರೆ ಕೊಲೆಗಾರನೇ ಬದಲಾಗಬೇಕಾಗಬಹುದು, ಅದು ಚಿತ್ರೀಕರಣ ಶುರುವಾಗುವ ಮೊದಲೇ ಗೊತ್ತಾಗುವುದು ಒಳ್ಳೆಯದು.